ಸೇತುವೆಗೂ ದಣಿವುಂಟು



ತೆಳುವಾದ ಕಬ್ಬಿಣದ ತಂತಿಯನ್ನು ಕೈಯಿಂದ ಎಳೆದು ತುಂಡರಿಸಲು ಆಗುವುದಿಲ್ಲ. ಅದನ್ನೇ ಅತ್ತಿತ್ತ ಹಲವು ಸಲ ಬಗ್ಗಿಸಿದರೆ ತುಂಡಾಗುತ್ತದೆ. ಬಲ ಮತ್ತೆ ಮತ್ತೆ ಬಿದ್ದಾಗ ಲೋಹದಲ್ಲಿ ಸಣ್ಣ ಬಿರುಕು ಹುಟ್ಟಿ ಬೆಳೆಯುತ್ತದೆ. ಇದೇ ಲೋಹದ ದಣಿವು. 19ನೇ ಶತಮಾನದಲ್ಲಿ ಜರ್ಮನಿಯ ಎಂಜಿನಿಯರ್ ಔಗುಸ್ಟ್ ವೋಲರ್ ರೈಲಿನ ಇರುಸುಗಳನ್ನು ಹೀಗೆ ಪರೀಕ್ಷಿಸಿದರು. ಬಲ ಹೆಚ್ಚಿದಷ್ಟೂ ಲೋಹ ಬೇಗ ಮುರಿಯುತ್ತದೆ ಎಂದು ತೋರಿಸಿಕೊಟ್ಟರು.

ಕಾಂಕ್ರೀಟ್ ಸೇತುವೆಗೂ ಈ ದಣಿವುಂಟು. ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಆದ್ದರಿಂದ ಅದರೊಳಗೆ ಉಕ್ಕಿನ ಸರಳುಗಳನ್ನು ಇಡುತ್ತಾರೆ. ರೈಲು ಹಾದಾಗಲೆಲ್ಲ ಸೇತುವೆ ತುಸು ಬಾಗಿ, ಮತ್ತೆ ನೆಟ್ಟಗಾಗುತ್ತದೆ. ಸರಳುಗಳು ಎಳೆತಕ್ಕೆ ಒಳಗಾಗಿ ಸಡಿಲುತ್ತವೆ. ದಿನಕ್ಕೆ 40 ರೈಲು ಎಂದುಕೊಳ್ಳಿ. 50 ವರ್ಷಕ್ಕೆ 7,30,000 ಸಲ!

ಹಾಗಾದರೆ ಹಳೆಯ ಸೇತುವೆಗಳನ್ನೆಲ್ಲ ಕೆಡವಬೇಕೇ? ಬೇಡ ಎಂಬುದೇ ನನ್ನ ಅಭಿಪ್ರಾಯ. ಸ್ವಿಟ್ಜರ್ಲೆಂಡಿನ ಲಾಂಗ್‌ವೀಸ್ ಕಾಂಕ್ರೀಟ್ ಸೇತುವೆಯ ಮೇಲೆ 1914ರಿಂದ ರೈಲು ಓಡುತ್ತಿದೆ. ಇಂದಿಗೂ ನಿಂತಿಲ್ಲ. ಇಟಲಿಯ ಜಿನೋವಾದಲ್ಲಿ 1967ರಲ್ಲಿ ತೆರೆದ ರಸ್ತೆ ಸೇತುವೆ 2018ರ ಆಗಸ್ಟ್ 14ರಂದು ಕುಸಿದು 43 ಮಂದಿ ಸತ್ತರು. ಅದರ ಕಾಂಕ್ರೀಟಿನೊಳಗೆ ಅಡಗಿದ್ದ ಉಕ್ಕು ತುಕ್ಕು ಹಿಡಿದಿತ್ತು. ನೂರು ದಾಟಿದ್ದು ನಿಂತಿದೆ, ಐವತ್ತೊಂದರದು ಬಿದ್ದಿದೆ. ಕೇವಲ ವಯಸ್ಸು ಕೇಳಿದರೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆಯಲ್ಲವೇ?

ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಎಷ್ಟು ರೈಲುಗಳು ಹಾದಿವೆ? ಒಂದೊಂದೂ ಎಷ್ಟು ಭಾರ? ಭಾರ ಇಮ್ಮಡಿಯಾದರೆ ದಣಿವು ಅದಕ್ಕಿಂತ ಎಷ್ಟೋ ಪಟ್ಟು ಏರುತ್ತದೆ. ನೀರು, ಉಪ್ಪು ಒಳಗಿನ ಸರಳನ್ನು ಮುಟ್ಟಿವೆಯೇ? ತುಕ್ಕು ತಿಂದ ಸರಳು ಬೇಗ ದಣಿಯುತ್ತದೆ. ನಮ್ಮ ಕರಾವಳಿಯ ಕೊಂಕಣ ರೈಲು ಮಾರ್ಗ 1998ರಲ್ಲಿ ಪೂರ್ತಿ ತೆರೆಯಿತು. ಅದರ ಸೇತುವೆಗಳಿಗೆ ವಯಸ್ಸು ಹೆಚ್ಚಲ್ಲ. ಆದರೆ ಭಾರದ ಗೂಡ್ಸ್ ರೈಲುಗಳೂ ಉಪ್ಪುಗಾಳಿಯೂ ಅವಕ್ಕೆ ತಪ್ಪಿದ್ದಲ್ಲ.

ಸೇತುವೆಗೆ 'ಸ್ಟ್ರೇನ್ ಗೇಜ್' ಎಂಬ ಪುಟ್ಟ ಅಳತೆ ಪಟ್ಟಿ ಅಂಟಿಸಿದರೆ, ರೈಲು ಹಾದಾಗ ಅದು ಎಷ್ಟು ಹಿಗ್ಗಿತು ಎಂದು ತಿಳಿಯುತ್ತದೆ. ಅದರಿಂದ ಉಳಿದ ಆಯುಷ್ಯವನ್ನು ಅಂದಾಜು ಮಾಡಬಹುದು. ಇದಕ್ಕೆ ಖರ್ಚಾಗುತ್ತದೆ, ನಿಜ. ಆದರೆ ಗಟ್ಟಿ ಸೇತುವೆಯನ್ನು ಕೆಡವಿದರೆ ಜನರ ಹಣ ಹಾಳು. ದಣಿದದ್ದನ್ನು ಹಾಗೇ ಬಿಟ್ಟರೆ ಜನರ ಪ್ರಾಣಕ್ಕೇ ಅಪಾಯ. ಅಳೆದು ನೋಡಿ ತೀರ್ಮಾನಿಸುವುದೇ ಜಾಣತನ.

ನೀವೇನು ಹೇಳುತ್ತೀರಿ? ತರಗತಿಯಲ್ಲಿ ಚರ್ಚಿಸಿ.