ಬದಲಾಳೂ ಹೆಸರುಗಳ್ಳನೂ

ಪರಭಾಷೆಯ ಶಬ್ದವನ್ನು ಕಲಿಯುವವನು ಅದರ ಅರ್ಥವನ್ನಷ್ಟೇ ಅರಿತರೆ ಸಾಲದು. ಅದು ಎಲ್ಲಿ ಮಾನ್ಯ, ಎಲ್ಲಿ ನಿಂದ್ಯ ಎಂಬುದನ್ನೂ ತಿಳಿಯಬೇಕು. ಚೀನೀ ಭಾಷೆಯ 'ತಿಷನ್' ಎಂಬ ಪದವು ಇದಕ್ಕೆ ತಕ್ಕ ನಿದರ್ಶನವಾಗಿದೆ. 'ತಿ' ಎಂದರೆ ಬದಲು, 'ಷನ್' ಎಂದರೆ ಶರೀರ. ಕೂಡಿದರೆ, ಮತ್ತೊಬ್ಬನ ಸ್ಥಾನದಲ್ಲಿ ನಿಲ್ಲುವ ಬದಲಾಳು. ಚಲನಚಿತ್ರದ ನಾಯಕನಿಗಾಗಿ ಮಾಳಿಗೆಯಿಂದ ಧುಮುಕುವ ಸಾಹಸಿಗೂ ಇದೇ ಹೆಸರು. ಉಭಯರ ಸಮ್ಮತಿಯಿಂದ, ಕೂಲಿ ಪಡೆದು ಮಾಡುವ ಆ ಕಾರ್ಯದಲ್ಲಿ ದೋಷವೇನೂ ಇಲ್ಲ.

ಹದಿನೆಂಟನೆಯ ಶತಮಾನದ ತ್ಸಾವ್ ಶ್ವೇಚಿನ್ನನ 'ಕೆಂಪು ಮಹಲಿನ ಕನಸು' ಎಂಬ ಕಾದಂಬರಿಯಲ್ಲಿ ಈ ಪದದ ಮತ್ತೊಂದು ಮುಖವು ಕಾಣುತ್ತದೆ. ರೋಗಪೀಡಿತಳಾದ ಮಿಯಾವ್‌ಯು ಎಂಬ ಕನ್ಯೆಗೆ ಬದಲಾಗಿ ಸನ್ಯಾಸಕ್ಕೆ ಒಪ್ಪಿಸಲು ಆಕೆಯ ಮನೆಯವರು ಅನೇಕರನ್ನು ಕ್ರಯಕ್ಕೆ ಕೊಂಡರು. ಫಲ ದೊರೆಯಲಿಲ್ಲ, ಆಕೆ ತಾನೇ ಸನ್ಯಾಸಿನಿಯಾದ ಮೇಲೆಯೇ ಗುಣ ಹೊಂದಿದಳು. ಧನಿಕರ ವ್ಯಾಧಿಗೆ ಬಡವರ ಬಾಳನ್ನು ಬೆಲೆಯಾಗಿ ತೆರುವ ರೂಢಿಯು ಆ ಒಂದು ಮಾತಿನಲ್ಲಿ ಅಡಗಿದೆ.

ಅದೇ 'ತಿ' ಅಕ್ಷರವು 'ಮಾವ್ ಮಿಂಗ್ ದಿಂಗ್ ತಿ' ಎಂಬ ನುಡಿಗಟ್ಟಿನ ಕೊನೆಯಲ್ಲಿಯೂ ಇದೆ. ಅನ್ಯರ ಹೆಸರನ್ನು ಹೊತ್ತು ಅವರ ಸ್ಥಾನವನ್ನು ಆಕ್ರಮಿಸುವುದೆಂದು ಇದರ ಅರ್ಥ. ಷಾನ್‌ಡಾಂಗ್ ಪ್ರಾಂತದ ಮಹಿಳೆಯೊಬ್ಬರು 2004ರ ಪ್ರವೇಶ ಪರೀಕ್ಷೆಯಲ್ಲಿ ತಾವು ಅನುತ್ತೀರ್ಣರಾದೆವೆಂದು ನಂಬಿ ಕೂಲಿಗೆ ಹೋದರು. ಅವರ ಹೆಸರಿನಲ್ಲಿ ಬೇರೊಬ್ಬಳು ಪದವೀಧರಳಾಗಿದ್ದಳೆಂಬುದು ಅವರಿಗೆ ತಿಳಿದದ್ದು 2020ರಲ್ಲಿ! ಅದೇ ವರ್ಷದ ಡಿಸೆಂಬರಿನಲ್ಲಿ ಅಂಗೀಕೃತವಾಗಿ 2021ರ ಮಾರ್ಚ್ 1ರಿಂದ ಜಾರಿಗೆ ಬಂದ ದಂಡಸಂಹಿತೆಯ ತಿದ್ದುಪಡಿಯು ಇಂತಹ ಕೃತ್ಯಕ್ಕೆ ಮೂರು ವರ್ಷಗಳವರೆಗಿನ ಸೆರೆಯನ್ನು ವಿಧಿಸಿದೆ. ಪರೀಕ್ಷೆಯಲ್ಲಿ ಬದಲಿಗೆ ಕುಳಿತುಕೊಳ್ಳುವುದು 2015ರ ತಿದ್ದುಪಡಿಯಿಂದಲೇ ಅಪರಾಧವೆನಿಸಿತ್ತು.

ಹದಿನಾರು ವರ್ಷಗಳ ಬಾಳಿಗೆ ಮೂರು ವರ್ಷಗಳ ಸೆರೆಯು ಸರಿದೂಗುವುದೇ? ದೂಗದೆಂದೇ ನಮ್ಮ ಅಭಿಪ್ರಾಯ. ಆದರೂ ಆ ಶಾಸನದಲ್ಲಿ ನಾವು ಮೆಚ್ಚತಕ್ಕ ಅಂಶವೊಂದುಂಟು: ಇಂತಹ ಕೃತ್ಯವನ್ನು ಏರ್ಪಡಿಸಿದವರಿಗೆ ಅದು ಹೆಚ್ಚಿನ ಶಿಕ್ಷೆಯನ್ನು ಹೇಳುತ್ತದೆ, ಕೈಗೂಡಿಸಿದ ಸರ್ಕಾರಿ ನೌಕರರು ಬೇರೆ ಅಪರಾಧವನ್ನೂ ಎಸಗಿದ್ದರೆ ಎಲ್ಲಕ್ಕೂ ಒಟ್ಟಾಗಿ ದಂಡಿಸುತ್ತದೆ. ಇದು ಯುಕ್ತವಾಗಿದೆ. ಮೊಹರು ಹಾಕುವ ಕೈಗಳು ಶುದ್ಧವಾಗಿದ್ದಲ್ಲಿ ಹೆಸರುಗಳ್ಳನು ವಿದ್ಯಾಲಯದ ಹೊಸ್ತಿಲನ್ನೂ ದಾಟಲಾರನು.

ಈ ಎರಡು ಪದಗಳನ್ನು ಒಟ್ಟಿಗೆ ಕಲಿಯುವುದು ಲೇಸು. ಎರಡರಲ್ಲಿಯೂ ಒಬ್ಬನ ಸ್ಥಾನದಲ್ಲಿ ಮತ್ತೊಬ್ಬನು ನಿಲ್ಲುತ್ತಾನೆ. ಸ್ಥಾನಕ್ಕೆ ಒಡೆಯನಾದವನು ಒಪ್ಪಿದನೇ ಎಂಬುದೊಂದೇ ಸಾಹಸಿಯನ್ನೂ ಕಳ್ಳನನ್ನೂ ಬೇರ್ಪಡಿಸುವ ಗೆರೆ. ಅಧಿಕಾರಸ್ಥರು ಕಾಯಬೇಕಾದದ್ದು ಆ ಗೆರೆಯನ್ನೇ.