ಅಂಗಾಲಿನ ಲೆಕ್ಕ

ಠಾಣೆ, ಡೊಂಬಿವಲಿ, ಕಲ್ಯಾಣಗಳಿಂದ ಮುಂಜಾನೆಯ ಲೋಕಲ್ ಹಿಡಿಯುವ ಕನ್ನಡಿಗನು ಪಾಸ್‌ಬುಕ್ಕನ್ನು ತಪ್ಪದೆ ತಾಳೆ ನೋಡುತ್ತಾನೆ. ತನ್ನ ಅಂಗಾಲನ್ನು ವರ್ಷಕ್ಕೊಮ್ಮೆಯೂ ನೋಡುವುದಿಲ್ಲ. ಮಚ್ಚೆಯೆಂದರೆ ಅದೃಷ್ಟದ ಚಿಹ್ನೆ, ಚರ್ಮದ ಕ್ಯಾನ್ಸರ್ ಬಿಳಿಯರ ವ್ಯಾಧಿ ಎಂಬ ನಂಬಿಕೆಯೇ ಇದಕ್ಕೆ ಕಾರಣ.

ಈ ನಂಬಿಕೆ ಅರ್ಧಸತ್ಯ. ಕಂದುಬಣ್ಣವು ಬಿಸಿಲಿನಿಂದ ಬಹುಮಟ್ಟಿಗೆ ರಕ್ಷಿಸುವುದು ನಿಜ. ಆದರೆ ಅಂಗಾಲು, ಅಂಗೈ, ಉಗುರಿನಡಿ ಹುಟ್ಟುವ ಮೆಲನೋಮಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ ಬಲಿಯಾದದ್ದು ಕಾಲ್ಬೆರಳಿನ ಉಗುರಿನಡಿ ಕಾಣಿಸಿಕೊಂಡ ಇದೇ ರೋಗಕ್ಕೆ.

ಉಡುಪೂ ಕಾರಣವಾಗಬಲ್ಲದು. ಬಿಗಿದು ಉಟ್ಟ ಧೋತರದ ಸತತ ತಿಕ್ಕಾಟದಿಂದ ಸೊಂಟದ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್ 1945ರಲ್ಲಿಯೇ ಸಹೋದ್ಯೋಗಿಯೊಡನೆ ವರ್ಣಿಸಿದ್ದರು. ಸೀರೆಯೊಳಗಿನ ಲಂಗದ ಲಾಡಿಯಿಂದಲೂ ಅಪರೂಪಕ್ಕೆ ಹೀಗಾಗುವುದುಂಟು. ಲಾಡಿಯನ್ನು ಅಗಲಗೊಳಿಸಿ ಸಡಿಲವಾಗಿ ಕಟ್ಟುವುದಕ್ಕೆ ಖರ್ಚೇನಿಲ್ಲ.

ಎಲ್ಲ ಮಚ್ಚೆಗೂ ಅಂಜಬೇಕಾಗಿಲ್ಲ. ಆಕಾರ ಕೆಟ್ಟು ಬೆಳೆಯುವ, ಅಂಚು ಒಡೆದ, ಬಣ್ಣ ಬೆರೆತ, ರಕ್ತ ಒಸರುವ ಮಚ್ಚೆ. ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪುಗೆರೆ. ವಾರಗಟ್ಟಲೆ ಮಾಯದ ಹುಣ್ಣು – ಇವನ್ನು ಚರ್ಮವೈದ್ಯರಿಗೆ ತೋರಿಸಲೇಬೇಕು. ಮುಲಾಮು ಹಚ್ಚಿ ಕಾಯುವುದು, ಸುಡುವುದು, ಕೀಳುವುದು ಸಲ್ಲದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಟಾಟಾ ಸ್ಮಾರಕ ಕೇಂದ್ರದ ಆಸ್ಪತ್ರೆ ನವಿ ಮುಂಬಯಿಯ ಖಾರ್ಘರದಲ್ಲಿಯೂ ಇದೆ.

ಕನ್ನಡ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆಗಳೊಡನೆ ಅಂಗಾಲಿನ ಪರೀಕ್ಷೆಯೂ ಸೇರಬೇಕು. ಮೊದಲೇ ಕಂಡ ಗಡ್ಡೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ತೀರಬಹುದು. ತಡವಾದರೆ ಅದರ ಬಡ್ಡಿ ಬಲು ದುಬಾರಿ.