ಸೊನ್ನೆ, ಅನುಸ್ವಾರ ಮತ್ತು ಓದದೆ ಹಾಕಿದ ಸಮ್ಮತಿ

ಇದನ್ನ ಬರೀಬೇಕು ಅಂದ್ಕೊಂಡು ಬಹಳ ದಿನ ಆಯ್ತು. ಊರಿಗೆ ಬಂದಿದ್ದೀನಿ, ಸ್ವಲ್ಪ ಪುರುಸೊತ್ತಿದೆ, ಬರೆದೇ ಬಿಡ್ತೀನಿ.

ಊರು ಅಂದ್ರೆ ಹಿರಿಯೂರು ತಾಲ್ಲೂಕಿನ ಧರ್ಮಪುರ. ಇಲ್ಲಿಂದ ಗಡಿ ದಾಟಿದ್ರೆ ಆಂಧ್ರದ ಹೇಮಾವತಿ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಕಳೆದ ಸಲ ಬಂದಾಗ ಒಂಬತ್ತನೇ ಕ್ಲಾಸಿನ ಚಿಕ್ಕಪ್ಪನ ಮಗ ನೊಳಂಬರ ಬಗ್ಗೆ ಪ್ರಾಜೆಕ್ಟ್ ಬರೀತಿದ್ದ. ಒಂದು ಕನ್ನಡ ವಿಕಿಯ ಪುಟ ತೆಗೆದು ಹುಡುಕಿದವನು, "ಅಣ್ಣಾ, ಈ ಪುಟದಲ್ಲಿ ನೊಳಂಬ ಅನ್ನೋ ಪದಾನೇ ಇಲ್ವಂತೆ" ಅಂದ. ನೋಡಿದ್ರೆ ಪುಟದ ತುಂಬಾ ಅದೇ ಪದ! ಆದ್ರೆ ಬರೆದವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಕುಟ್ಟಿದ್ರು. ನೊಳಂಬ ಅಲ್ಲ, ನೊಳ೦ಬ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಅನುಸ್ವಾರ ಯೂನಿಕೋಡಿನ 3202ನೇ ಅಕ್ಷರ, ಸೊನ್ನೆ 3302ನೇದು. ಆಕಾರ ಒಂದೇ ಆದ್ದರಿಂದ ಈ ತಪ್ಪು ಎಷ್ಟೋ ಪುಟಗಳಲ್ಲಿ ಹಾಗೇ ಕೂತಿದೆ.

ಇಂಜಿನಿಯರ್ ತಲೆ ಸುಮ್ನಿರುತ್ತಾ? ಒಂದು ರಾತ್ರೀಲಿ ಪೈಥಾನಲ್ಲಿ ಬಾಟ್ ಬರೆದೆ. ಸೊನ್ನೆ ಆದಮೇಲೆ ಕನ್ನಡ ಅಕ್ಷರ ಬಂದ್ರೆ ಆ ಸೊನ್ನೆ ತೆಗೆದು ಅನುಸ್ವಾರ ಹಾಕು, ಅಷ್ಟೆ. ಬಾಟ್‌ಗೆ ಬೇರೆ ಖಾತೆ ತೆರೆದು ಅನುಮತಿ ಕೇಳಿದೆ. (ವಿಕಿಯ ಹೆಸರು ಬೇಡ. ಇದು ಒಬ್ಬರ ಕಥೆಯಲ್ಲ.)

ಮೂರು ವಾರ ಯಾರೂ ಉಸಿರೆತ್ತಲಿಲ್ಲ. "ಪರ್ಮಿಷನ್ ಯಾಕಪ್ಪಾ, ರನ್ ಮಾಡಿಬಿಡು" ಅಂದ ರೂಂಮೇಟ್. ಕೊನೆಗೆ ನಾನೇ ಮೂರು ಜನ ಗೆಳೆಯರಿಗೆ ಫೋನ್ ಮಾಡಿದೆ. ಒಂದೇ ಸಂಜೆಗೆ ಮೂರು "ಸಮ್ಮತಿಯಿದೆ" ಬಿತ್ತು. ಒಬ್ಬರೂ ಕೋಡ್ ನೋಡಿರಲಿಲ್ಲ, ಪ್ರಯೋಗಕ್ಕೆ ಮಾಡಿದ್ದ 50 ತಿದ್ದುಪಡಿಗಳಲ್ಲಿ ಒಂದನ್ನೂ ತೆಗೆದಿರಲಿಲ್ಲ. ನಂಗೂ ಅದೇ ಬೇಕಿತ್ತು ಬಿಡಿ :)

ಮಾರನೇ ದಿನ ಒಬ್ಬರು ನಿವೃತ್ತ ಮೇಷ್ಟ್ರು ಬರೆದ್ರು: "ಈ ಪುಟದಲ್ಲಿ ೧೦ನೇ ಅಂತ ಹುಡುಕಿದರೆ ಸಿಗುತ್ತಿಲ್ಲ. ನಿನ್ನೆ ಸಿಗುತ್ತಿತ್ತು." ಮೊದಲು ಸಿಟ್ಟು ಬಂತು. ಇವರಿಗೇನು ಕೋಡ್ ಗೊತ್ತಾ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಎದೆ ಧಸಕ್ಕೆಂತು. "೧೦ನೇ ಶತಮಾನ"ದಲ್ಲೂ ಸೊನ್ನೆ ಆದಮೇಲೆ ಅಕ್ಷರ ಇದೆಯಲ್ಲ! ನನ್ನ ಬಾಟ್ ಅದನ್ನ "೧ಂನೇ" ಮಾಡಿತ್ತು. "೯೦೦ರಲ್ಲಿ" ಅನ್ನೋದು "೯೦ಂರಲ್ಲಿ" ಆಗಿತ್ತು. ಹಳೇದು, ಹೊಸದು ಪಕ್ಕಪಕ್ಕ ಇಟ್ಟರೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. 50ರಲ್ಲಿ 7 ತಪ್ಪು. ಹೆಸರಲ್ಲೇ ಸೊನ್ನೆ ಇದ್ದ ಒಂದು ಚಿತ್ರದ ಕೊಂಡಿಯೂ ಮುರಿದಿತ್ತು. ಸೊನ್ನೆಯ ಹಿಂದೆ ಏನಿದೆ ಅಂತ ನೋಡಿದ್ರೆ ಸಾಕು ಅಂತೀರಾ? "ರೂ೦.೫೦" ಅಂತ ಬರೆದಿದ್ರೆ ರೂಪಾಯಿ ಹೋಗಿ ರೂಂ ಆಗುತ್ತೆ!

ನನ್ನ ತಕರಾರು ಇರೋದು ಇಲ್ಲೇ. ಬಾಟ್ ಫ್ಲ್ಯಾಗ್ ಅಂದ್ರೆ ಬಿರುದಲ್ಲ ಸ್ವಾಮಿ, ಮರೆಯಾಗೋಕೆ ಕೊಡೋ ಪರವಾನಗಿ. ಫ್ಲ್ಯಾಗ್ ಸಿಕ್ಕಿದ ಮೇಲೆ ಬಾಟ್ ಮಾಡಿದ್ದು ಇತ್ತೀಚಿನ ಬದಲಾವಣೆಗಳ ಪಟ್ಟಿಯಲ್ಲಿ ತಾನಾಗಿ ಕಾಣಲ್ಲ, ಕೇಳಿದ್ರೆ ಮಾತ್ರ ತೋರಿಸುತ್ತೆ. ಅಂದ್ರೆ ಊರೆಲ್ಲ ಕಣ್ಣಿಟ್ಟು ನೋಡೋಕೆ ಇರೋದು ಒಂದೇ ಸಮಯ, ಫ್ಲ್ಯಾಗ್ ಕೊಡೋ ಮುಂಚೆ. ಆಗ ಓದದೇ ಇದ್ದವರು ಆಮೇಲೆ ಓದ್ತಾರಾ?

"ಮೌನಂ ಸಮ್ಮತಿ ಲಕ್ಷಣಂ" ಅನ್ನೋದು ಮದುವೆ ಮಾತುಕತೆಗೆ ಸರಿ ಇರಬಹುದು, ಬಾಟ್‌ಗೆ ಅಲ್ಲ.

"ಸಣ್ಣ ಸಮುದಾಯ, ಯಾರಿಗಿದೆ ಟೈಮು?" ಅನ್ನೋರಿದ್ದಾರೆ. ಒಪ್ತೀನಿ. ಅದಕ್ಕೇ ಸಣ್ಣ ವಿಕಿಗಳಲ್ಲಿ ಫ್ಲ್ಯಾಗ್ ಕೊಡೋಕೆ ಸ್ಟೀವರ್ಡ್‌ಗಳಿದ್ದಾರೆ, ಜೋಡಿ ಪುನರ್ನಿರ್ದೇಶನ ಸರಿಮಾಡೋಂಥ ಕೆಲಸಕ್ಕೆ ಜಾಗತಿಕ ಬಾಟ್‌ಗಳಿವೆ. 2013ರಲ್ಲಿ ವಿಕಿಡೇಟಾ ಆ ಕೆಲಸ ವಹಿಸಿಕೊಳ್ಳೋ ತನಕ ಭಾಷೆಯಿಂದ ಭಾಷೆಗೆ ಕೊಂಡಿ ಹಾಕ್ತಿದ್ದಿದ್ದೂ ಹೊರಗಿನ ಬಾಟ್‌ಗಳೇ. ಅವಕ್ಕೆ ಕನ್ನಡ ಬರಬೇಕಿಲ್ಲ. ಆದ್ರೆ ಅಕ್ಷರ ಮುಟ್ಟೋ ಬಾಟ್? ಎಲ್ಲೋ ದೂರದ ಸ್ಟೀವರ್ಡ್ ನಮ್ಮ ಸೊನ್ನೆಗೂ ಅನುಸ್ವಾರಕ್ಕೂ ವ್ಯತ್ಯಾಸ ಹೇಗೆ ಕಂಡುಹಿಡಿಯಬೇಕು? "ಸಮುದಾಯ ಒಪ್ಪಿದೆ" ಅನ್ನೋ ನಮ್ಮ ಮಾತು ನಂಬಿ ಗುಂಡಿ ಒತ್ತುತ್ತಾರೆ. ಆ ಮಾತೇ ಸುಳ್ಳಾದ್ರೆ?

ಇದು ಬಾಟ್‌ಗೆ ಮಾತ್ರ ಹೇಳ್ತಿರೋ ಮಾತಲ್ಲ. 2010ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದ ಟೂಲ್‌ಕಿಟ್ ಬಳಸಿ, ದುಡ್ಡು ಕೊಟ್ಟು, ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಲೇಖನ ಹಾಕಿಸಿತು. ಕನ್ನಡಕ್ಕೂ ಬಂದವು. ಗುಣಮಟ್ಟ ಸಾಲದು ಅಂತ ಬಂಗಾಳಿಯವರು ಬೇಡ ಅಂದ್ರು. ಯಂತ್ರ ಒಂದು ರಾತ್ರೀಲಿ ಮಾಡಿದ್ದನ್ನ ತಿದ್ದೋಕೆ ಮನುಷ್ಯರಿಗೆ ವರ್ಷಗಟ್ಟಲೆ ಬೇಕು.

ಹಾಗಂತ ಬಾಟ್ ಬೇಡ ಅಂತಿಲ್ಲ. ಒಂದೊಂದೇ ಪುಟ ತಿದ್ದುತ್ತಾ ಕೂತ್ರೆ ಜನ್ಮ ಸಾಲಲ್ಲ. ನಾನು ಕೇಳ್ತಿರೋದು ಇಷ್ಟೇ: "ಸಮ್ಮತಿಯಿದೆ" ಅನ್ನೋ ಮುಂಚೆ ಹತ್ತು ತಿದ್ದುಪಡಿ ತೆಗೆದು ನೋಡಿ. ಯಾವ ಹತ್ತು ನೋಡಿದೆ ಅಂತ ಬರೀರಿ. ಕೋಡ್ ಬರದಿದ್ರೂ ಪರವಾಗಿಲ್ಲ, ಮೇಷ್ಟ್ರಿಗೂ ಬರ್ತಿರಲಿಲ್ಲ. ಅವರು ಹುಡುಕಿ ನೋಡಿದ್ರು, ಅಷ್ಟೆ. ಟೈಮಿಲ್ಲದಿದ್ರೆ ಸಮ್ಮತೀನೂ ಬೇಡ. ಬಾಟ್ ಬರೆಯೋರೇ, ನೀವೂ ಗೆಳೆಯರಿಗೆ ಫೋನ್ ಮಾಡಬೇಡಿ.

ನಾನು ಆ 7 ತಪ್ಪನ್ನೂ ಚಿತ್ರದ ಕೊಂಡಿಯನ್ನೂ ಕೈಯಾರೆ ಸರಿಮಾಡಿ, ಅರ್ಜಿ ವಾಪಸ್ ತಗೊಂಡೆ. ಹೊಸ ನಿಯಮ ಬರೆದು ಇನ್ನೊಂದು 50 ಪ್ರಯೋಗ ಮಾಡಿದ್ದೀನಿ. ಈ ಸಲ ಮೊದಲು ಕೇಳಿದ್ದು ಮೇಷ್ಟ್ರನ್ನೇ. "ನಿಧಾನ ಆಗುತ್ತಪ್ಪ, ಐವತ್ತನ್ನೂ ನೋಡ್ತೀನಿ" ಅಂದಿದ್ದಾರೆ. ಕಾಯ್ತಿದ್ದೀನಿ.

ನೀವೇನಂತೀರಿ?